ನೀರು ಕುಡಿಯದ ಬಟ್ಟೆ

ನನ್ನ ನಾದಿನಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ ಊರಿನ ಮಕ್ಕಳು ಕೂಡ "ಬಣ್ಣ ಹೇಳುವ ಕೆಲಸ" ಎನ್ನುತ್ತಿದ್ದವು. ಸರಕಾರದ ಪುಸ್ತಕದಲ್ಲಿ ಅವಳು ಕಾಡಿನ ಕಚೇರಿಯ ಕಸ ಗುಡಿಸುವವಳು. ಗುಡಿಸುತ್ತಲೂ ಇದ್ದಳು. ಆದರೆ ಇಪ್ಪತ್ತಾರು ವರ್ಷ ಅವಳ ನಿಜವಾದ ಕೆಲಸ ಕಚೇರಿಯ ಹಿಂದಿನ ಬಿಳಿ ಪೆಟ್ಟಿಗೆ ನೋಡುವುದಾಗಿತ್ತು.

ಆ ಪೆಟ್ಟಿಗೆ ಎದೆಯೆತ್ತರದ ನಾಲ್ಕು ಕಾಲುಗಳ ಮೇಲೆ ನಿಂತಿದೆ. ಸುತ್ತಲೂ ಓರೆ ಪಟ್ಟಿಗಳು. ಗಾಳಿ ಒಳಗೆ ಹೋಗುತ್ತದೆ, ಬಿಸಿಲು ಹೋಗುವುದಿಲ್ಲ. ಒಳಗೆ ಎರಡು ಥರ್ಮಾಮೀಟರುಗಳು. ಒಂದು ಬರಿಯದು. ಇನ್ನೊಂದರ ಬುಡಕ್ಕೆ ಬೆರಳಿನಷ್ಟು ಬಟ್ಟೆಯ ಚೀಲ ಹಾಕಿದೆ, ಅದರ ಬಾಲ ಕೆಳಗಿನ ನೀರಿನ ಬಟ್ಟಲಿನಲ್ಲಿ ಇಳಿಬಿದ್ದಿರುತ್ತದೆ. ಬಟ್ಟೆ ನೀರು ಕುಡಿದು ಯಾವಾಗಲೂ ಒದ್ದೆಯಾಗಿರಬೇಕು. ಗಾಳಿ ಒಣಗಿದ್ದ ದಿನ ಆ ಒದ್ದೆ ಬೇಗ ಬೇಗ ಆರುತ್ತದೆ, ಆಗ ಆ ಥರ್ಮಾಮೀಟರು ತಣ್ಣಗಾಗಿ ಕೆಳಗಿಳಿಯುತ್ತದೆ. "ಎರಡರ ಮಧ್ಯೆ ಎಷ್ಟು ದೂರ ಇದೆಯೋ ಕಾಡಿಗೆ ಅಷ್ಟು ಬಾಯಾರಿಕೆ ಅಂತ ತಿಳ್ಕೋ ಅತ್ತಿಗೆ" ಎಂದು ಅವಳು ನನಗೆ ಹೇಳಿಕೊಟ್ಟಿದ್ದಳು. ನನಗೆ ಅಕ್ಷರ ಅಷ್ಟಕ್ಕಷ್ಟೆ. ಅಂಕಿ ಚೆನ್ನಾಗಿ ಬರುತ್ತದೆ. ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಇದು, ಅಳತೆ ಪಟ್ಟಿಯಿಂದ ಕಲಿತದ್ದು.

ಬೆಳಗ್ಗೆ ಹತ್ತಕ್ಕೆ ಅವಳು ಎರಡು ಅಂಕಿ ನೋಡಿ, ಒಂದರಿಂದ ಒಂದು ಕಳೆದು, ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹುಡುಕುತ್ತಿದ್ದಳು. ಆಮೇಲೆ ರಸ್ತೆ ಬದಿಯ ದೊಡ್ಡ ಹಲಗೆಯ ಮುಳ್ಳು ತಿರುಗಿಸುತ್ತಿದ್ದಳು. ಹಸಿರಾದರೆ ಎಲ್ಲರೂ ಗುಡ್ಡ ಹತ್ತಬಹುದು. ಹಳದಿಯಾದರೆ ಹುಷಾರಾಗಿ ಕೆಲಸ. ಕೆಂಪಾದರೆ ಯಂತ್ರ, ಒಲೆ, ಬೀಡಿ, ಲಾರಿ ಯಾವುದೂ ಮೇಲೆ ಹೋಗುವ ಹಾಗಿಲ್ಲ. ಅದಕ್ಕೇ ಅವಳಿಗೆ ಬಣ್ಣದಮ್ಮ ಎಂದು ಹೆಸರು ಬಿದ್ದದ್ದು. ಲಾರಿ ಡ್ರೈವರ್ ದಿನಾ ಕೇಳುತ್ತಿದ್ದ, "ಏನ್ ಬಣ್ಣದಮ್ಮ, ಇವತ್ತು ನಮ್ಮ ಹಣೇಲಿ ಏನು ಬರೆದಿದ್ದೀಯ?" "ನಿನ್ನ ಹಣೇಲಿ ಬರೆಯೋಕೆ ಜಾಗ ಎಲ್ಲಿದೆ, ಪೂರ್ತಿ ಗ್ರೀಸು" ಎಂದು ಇವಳು ಹೇಳುತ್ತಿದ್ದಳು.

ಅವಳು ನನ್ನ ಗಂಡನ ತಂಗಿ. ನನ್ನ ಗಂಡ ಹೋಗಿ ಹನ್ನೊಂದು ವರ್ಷ, ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ನನಗೆ ಮಕ್ಕಳಿಲ್ಲ. ಅವಳಿಗೆ ಒಬ್ಬಳೇ ಮಗಳು. ಆ ಮಗಳು ನನ್ನ ಮಡಿಲಲ್ಲೇ ಬೆಳೆದವಳು, ಈಗ ಮೂವತ್ತೊಂದು ವರ್ಷ. ಗುಡ್ಡದ ಮೇಲೆ ಬೆಂಕಿ ರೇಖೆ ಸವರುವ ಗುಂಪಿನಲ್ಲಿ ಕೆಲಸ. ಬೆಂಕಿ ರೇಖೆ ಎಂದರೆ, ಬೆಂಕಿ ಬಂದರೆ ದಾಟಬಾರದೆಂದು ಕಾಡಿನ ನಡುವೆ ಹುಲ್ಲು ಪೊದೆ ಎಲ್ಲ ಕತ್ತರಿಸಿ ಬೋಳು ಮಾಡಿದ ಪಟ್ಟಿ. ಹೆಗಲಿಗೆ ಹಾಕಿಕೊಳ್ಳುವ ಯಂತ್ರ, ಮುಂದೆ ತಿರುಗುವ ಉಕ್ಕಿನ ಅಲಗು. ಅದೇ ಗುಂಪಿನಲ್ಲಿ ಗುಬ್ಬಿ ಎಂಬ ಹುಡುಗಿ ಇದ್ದಳು. ಸಣ್ಣಗಿದ್ದಳು, ಮಾತು ಮಾತ್ರ ಚಿಲಿಪಿಲಿ, ಅದಕ್ಕೇ ಗುಬ್ಬಿ. ಅವಳ ತಾಯಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳು. ನಮ್ಮ ಹುಡುಗಿ ಮತ್ತು ಗುಬ್ಬಿ ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಸ್ನೇಹ.

ಆ ವರ್ಷ ಐದು ತಿಂಗಳು ಒಂದು ಹನಿ ಬಿದ್ದಿರಲಿಲ್ಲ. ಅಂಗಳದ ಬೇಲಿಯ ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬಾಗಿಲ ಚೌಕಟ್ಟು ಒಣಗಿ ಬಾಗಿಲು ಸಡಿಲವಾಗಿ ರಾತ್ರಿಯೆಲ್ಲ ಕಟಕಟ ಎನ್ನುತ್ತಿತ್ತು. ಹಲಗೆ ಒಂಬತ್ತು ದಿನದಿಂದ ಕೆಂಪಿನಲ್ಲೇ ನಿಂತಿತ್ತು. ರೇಖೆ ಅರ್ಧಕ್ಕೇ ಉಳಿದಿತ್ತು. ಕಚೇರಿಯ ಸಾಹೇಬರು ಹೊಸಬರು, ಮೇಲಿನವರು ದಿನಾ ಫೋನಿನಲ್ಲಿ ರೇಖೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರಂತೆ. ಕೆಲಸದವರು ಮನೆಯಲ್ಲಿ ಕೂತು ಕೂತು ಬೇಸತ್ತಿದ್ದರು.

"ಅಮ್ಮಾ, ನಿನ್ನ ಡಬ್ಬೀಲಿ ಬೇರೆ ಬಣ್ಣ ಖಾಲಿ ಆಯ್ತಾ?" ಎಂದಳು ಮಗಳು, ಒಂಬತ್ತನೆಯ ಸಂಜೆ.

"ನಾನೇನು ಬಳಿಯೋದಾ? ಗಾಳಿ ಹೇಳುತ್ತೆ, ನಾನು ತಿರುಗಿಸ್ತೀನಿ."

ಗುಬ್ಬಿಯೂ ಅಲ್ಲೇ ಇದ್ದಳು. "ಬಣ್ಣದಮ್ಮ, ಆ ಗಾಳಿಗೆ ಸ್ವಲ್ಪ ಬುದ್ಧಿ ಹೇಳಿ. ಮನೇಲಿದ್ರೆ ನಮ್ಮಮ್ಮ ದಿನಾ ನೂರು ಹೊದಿಕೆ ಹಿಂಡಿಸ್ತಾಳೆ. ಅದಕ್ಕಿಂತ ಗುಡ್ಡಾನೇ ವಾಸಿ."

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಈಗ ನನ್ನ ಕೈಯ ಕೆಲಸದ ವಿಷಯ ಹೇಳಬೇಕು. ನಾದಿನಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಥರ್ಮಾಮೀಟರಿನ ಕೂದಲೆಳೆಯಂಥ ಗೆರೆ ಅವಳಿಗೆ ಕಾಣುತ್ತಿರಲಿಲ್ಲ. ಹೇಳಿದರೆ ಕೆಲಸದಿಂದ ಬಿಡಿಸುತ್ತಾರೆಂದು ಮುಚ್ಚಿಟ್ಟಿದ್ದಳು. ಬೆಳಗ್ಗೆ ಹತ್ತಕ್ಕೆ ನಾನು ಏನಾದರೂ ನೆಪ ಮಾಡಿಕೊಂಡು ಹೋಗಿ, ಪಕ್ಕದಲ್ಲಿ ನಿಂತು ಅಂಕಿ ಹೇಳುತ್ತಿದ್ದೆ. ಉಳಿದದ್ದೆಲ್ಲ ಅವಳೇ ಮಾಡುತ್ತಿದ್ದಳು. ಬಟ್ಟೆಯ ಚೀಲ ಧೂಳಿಗೆ ಹಳದಿಯಾದರೆ ಬದಲಿಸಬೇಕು. ಅವಳ ಬಳಿ ತಗಡಿನ ಡಬ್ಬಿಯಲ್ಲಿ ಹಳೆಯ, ಮೆತ್ತಗಾದ ಬಟ್ಟೆಯ ಚೂರುಗಳಿದ್ದವು. ಆ ವಾರ ಅದು ಮುಗಿದಿತ್ತು.

"ಅತ್ತಿಗೆ, ಒಂದು ಚೀಲ ಹೊಲಿದು ಹಾಕಿಬಿಡು. ನನಗೆ ದಾರ ಕಾಣಲ್ಲ" ಎಂದಳು.

ಗಿರಾಕಿಯೊಬ್ಬರ ಮಗುವಿನ ಟೋಪಿಗೆಂದು ತಂದ ತೆಳು ಬಿಳಿ ಹತ್ತಿ ಬಟ್ಟೆ ನನ್ನ ಬಳಿ ಇತ್ತು. ಹೊಸದು, ಅಂಗಡಿಯ ಮಡಿಕೆ ಕೂಡ ಹೋಗಿರಲಿಲ್ಲ. ಚೆನ್ನಾಗಿ ಕಾಣಲಿ ಎಂದು ಅದರಲ್ಲೇ ಹೊಲಿದೆ. ಸಣ್ಣ ಹೊಲಿಗೆ, ಒಂದು ಎಳೆ ಆಚೀಚೆ ಇಲ್ಲ. ಅದೇ ಒಂಬತ್ತನೆಯ ಸಂಜೆ ನಾನೇ ಹೋಗಿ ಥರ್ಮಾಮೀಟರಿಗೆ ತೊಡಿಸಿ, ದಾರ ಬಿಗಿದು, ಬಟ್ಟಲು ತುಂಬಿಸಿ ಬಂದೆ.

ಹೊಸ ಬಟ್ಟೆಗೆ ಗಿರಣಿಯ ಗಂಜಿ ಇರುತ್ತದೆ. ಕುದಿಸಿ ತೆಗೆಯದಿದ್ದರೆ ಅದು ನೀರು ಕುಡಿಯುವುದಿಲ್ಲ. ಬಟ್ಟೆ ತಂದು ಕೊಡುವ ಪ್ರತಿಯೊಬ್ಬರಿಗೂ "ಮೊದಲು ನೆನೆಸಿ ತನ್ನಿ" ಎಂದು ನಲವತ್ತು ವರ್ಷದಿಂದ ಹೇಳಿದವಳು ನಾನು. ಆ ಸಂಜೆ ಬೆರಳಗಲದ ತುಂಡಿಗೆ ನನಗೆ ಅದು ನೆನಪಾಗಲಿಲ್ಲ.

ಮಾರನೆಯ ಬೆಳಗ್ಗೆ ಆಕಾಶದಲ್ಲಿ ತೆಳುವಾಗಿ ಮೋಡ ಹರಡಿತ್ತು. ಹತ್ತಕ್ಕೆ ಹೋದೆವು. ಬರಿಯದು ಮೂವತ್ತೈದು, ಬಟ್ಟೆಯದು ಮೂವತ್ತೊಂದು. ಹೇಳಿದೆ.

"ನಾಲ್ಕೇನಾ?" ಎಂದಳು ನಾದಿನಿ. ಹಿಂದಿನ ದಿನ ಹದಿನಾಲ್ಕು ಇತ್ತು.

"ನಾಲ್ಕೇ."

"ಇನ್ನೊಂದು ಸಲ ನೋಡು."

ನೋಡಿದೆ. ನಾಲ್ಕೇ. ಅವಳು ಬಟ್ಟಲಿಗೆ ಬೆರಳು ಇಳಿಸಿ ನೀರಿದೆಯೇ ಎಂದು ನೋಡಿದಳು. ತುಂಬಿತ್ತು. ಬಟ್ಟೆಯನ್ನು ಮುಟ್ಟಲಿಲ್ಲ. ಕೈಯ ಜಿಡ್ಡು ತಾಗಿದರೆ ಬಟ್ಟೆ ಕೆಡುತ್ತದೆಂದು ಅದನ್ನು ಬರಿಗೈಯಲ್ಲಿ ಮುಟ್ಟಬಾರದೆಂಬುದು ಅವಳು ಕಲಿತ ಮೊದಲ ಪಾಠ, ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

"ನನ್ನ ತುಟಿ ಒಡೆದು ರಕ್ತ ಬರ್ತಿದೆ. ಇದು ನೋಡಿದ್ರೆ ಮಳೆ ಬರೋ ಹಾಗೆ ಹೇಳುತ್ತಲ್ಲ" ಎಂದಳು.

ಸಾಹೇಬರು ಕಿಟಕಿಯಿಂದಲೇ ಕೂಗಿದರು, "ಎಷ್ಟಮ್ಮ?"

"ನಾಲ್ಕು ತೋರಿಸ್ತಿದೆ ಸಾರ್. ಆದರೆ..."

"ನಾಲ್ಕು ಅಂದ್ರೆ ಹಸಿರು! ಮೋಡ ನೋಡಿದೆ, ಅಂದ್ಕೊಂಡೆ. ಇರಲಿ, ಹಳದಿಗೆ ಇಡಿ. ಹುಷಾರಾಗಿ ಕೆಲಸ ಮಾಡಲಿ."

ಅವಳು ಹೋಗಿ ಮುಳ್ಳು ತಿರುಗಿಸಿದಳು. ಕಚೇರಿಯ ಮುಂದೆ ಕಾಯುತ್ತಿದ್ದವರು ಹೋ ಎಂದರು. ಹನ್ನೊಂದಕ್ಕೆ ಲಾರಿ ಹೊರಟಿತು. ಮೇಸ್ತ್ರಿಯೂ ಸೇರಿ ಹದಿನೆಂಟು ಜನ. ಗುಬ್ಬಿ ಲಾರಿಯ ಹಿಂದಿನಿಂದ ಬಗ್ಗಿ, "ಬುದ್ಧಿ ಹೇಳಿದ್ರಲ್ಲ ಬಣ್ಣದಮ್ಮ, ಥ್ಯಾಂಕ್ಸ್!" ಎಂದು ಕೂಗಿದಳು. ಸಾಹೇಬರೂ ಜೀಪು ಹತ್ತಿ ಪಟ್ಟಣಕ್ಕೆ ಹೋದರು.

ನಾನು ಮನೆಗೆ ಬಂದು ಟೋಪಿ ಹೊಲಿಯಲು ಕೂತೆ. ಹನ್ನೆರಡೂಕಾಲಿಗೆ ಅಂಚು ಮಡಿಸಿ ಇಸ್ತ್ರಿ ಮಾಡಲೆಂದು ಬಟ್ಟೆಯ ಮೇಲೆ ನೀರು ಚಿಮುಕಿಸಿದೆ. ಹನಿಗಳು ಹೀರಲಿಲ್ಲ. ಗುಂಡುಗುಂಡಾಗಿ ಮೇಲೆಯೇ ನಿಂತವು. ಬಟ್ಟೆ ಓರೆ ಮಾಡಿದರೆ ಸಾಲಾಗಿ ಉರುಳಿ ನೆಲಕ್ಕೆ ಬಿದ್ದವು.

ಪೆಟ್ಟಿಗೆಯ ಚೀಲವೂ ಇದೇ ಬಟ್ಟೆಯದು. ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಅದೂ ನೆನಪಿಲ್ಲ, ಚಪ್ಪಲಿ ಇಲ್ಲದೆ ಓಡಿದೆ.

ನಾದಿನಿ ಕಚೇರಿಯ ಮೆಟ್ಟಿಲು ಒರೆಸುತ್ತಿದ್ದಳು. "ನಾನು ಹೊಸ ಬಟ್ಟೆ ಹಾಕಿದೆ ಕಣೇ, ಕುದಿಸಲಿಲ್ಲ" ಎಂದೆ. ಅಷ್ಟು ಸಾಕಾಯಿತು. ಅವಳು ಬೈಯಲಿಲ್ಲ. ನೇರವಾಗಿ ಪೆಟ್ಟಿಗೆಯ ಬಳಿ ಹೋಗಿ, ಬಾಗಿಲು ತೆಗೆದು, ಬಟ್ಟೆಯನ್ನು ಬೆರಳಲ್ಲಿ ಹಿಡಿದಳು. ಬಾಲದ ತುದಿ ಮಾತ್ರ ಒದ್ದೆ. ಮೇಲಿನದು ಕಾಗದದ ಹಾಗೆ ಗಡುಸು.

ತಲೆಗೆ ಕಟ್ಟಿದ್ದ ಹಳೆಯ ಬಟ್ಟೆ ಬಿಚ್ಚಿ ಹಲ್ಲಿನಿಂದ ಒಂದು ಚೂರು ಹರಿದಳು. ಸುತ್ತಿ ದಾರ ಕಟ್ಟಿ ನೀರು ಹನಿಸಿದಳು. "ಹತ್ತು ನಿಮಿಷ ಬಿಡಬೇಕು" ಎಂದಳು. ನನ್ನ ಕಣ್ಣೆದುರಿಗೇ ಗೆರೆ ಇಳಿಯಿತು. ಮೂವತ್ತು. ಇಪ್ಪತ್ತಾರು. ಇಪ್ಪತ್ತಮೂರು. ಇಪ್ಪತ್ತೊಂದಕ್ಕೆ ನಿಂತಿತು. ಬರಿಯದು ನಲವತ್ತು.

"ಹತ್ತೊಂಬತ್ತು" ಎಂದೆ.

ಗೋಡೆಯ ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ ಇನ್ನೊಂದೇ ಸಾಲು ಇತ್ತು.

"ಎರಡು ಗಂಟೆ ಮೇಲೆ ಗಾಳಿ ತಿರುಗುತ್ತೆ" ಎಂದಳು ನಾದಿನಿ. ಬೇಸಿಗೆಯಲ್ಲಿ ದಿನವೂ ಹಾಗೆಯೇ. ಅಷ್ಟರೊಳಗೆ ಅವರು ಇಳಿಯಬೇಕಿತ್ತು.

ಮೇಲೆ ಹೋದವರಲ್ಲಿ ವೈರ್‌ಲೆಸ್ ಇದ್ದದ್ದು ಮೇಸ್ತ್ರಿಯ ಬಳಿ ಮಾತ್ರ. ಬ್ಯಾಟರಿ ಉಳಿಸಲೆಂದು ಅದನ್ನು ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಮಾತ್ರ ಹಾಕುತ್ತಿದ್ದರು. ಆಗ ಹನ್ನೆರಡು ಮುಕ್ಕಾಲು. ಗುಂಡಿ ಒತ್ತಿ ಒತ್ತಿ ಕೂಗಿದೆವು, ಗೊರಗೊರ ಬಿಟ್ಟರೆ ಏನೂ ಇಲ್ಲ. ಸಾಹೇಬರ ಫೋನು ಹೋಗಲಿಲ್ಲ. ಬೆಂಕಿ ನಂದಿಸುವ ವಾಹನ ಪಟ್ಟಣದಿಂದ ಬರಬೇಕು, ಅವರಿಗೆ ಹೇಳಿದರೆ, "ಬೆಂಕಿ ಎಲ್ಲಿ ಹತ್ತಿದೆ?" ಎಂದು ಕೇಳಿದರು. "ಇನ್ನೂ ಹತ್ತಿಲ್ಲ" ಎಂದಳು ನಾದಿನಿ. "ಹತ್ತಿದ ಮೇಲೆ ಫೋನ್ ಮಾಡಿ" ಎಂದು ಇಟ್ಟುಬಿಟ್ಟರು.

ಡ್ರೈವರ್ ಜನರನ್ನು ಇಳಿಸಿ ಬಂದು ಲಾರಿಯ ಕೆಳಗೆ ಮಲಗಿದ್ದ. ನಾದಿನಿ ಅವನ ಕಾಲು ಹಿಡಿದು ಎಳೆದಳು.

"ಏಳು, ಮೇಲೆ ಹೋಗ್ಬೇಕು."

"ಈಗ ತಾನೇ ಬಿಟ್ಟು ಬಂದೆ! ಹಳದಿ ಅಂದ್ಯಲ್ಲ?"

"ತಪ್ಪು ಹೇಳಿದೆ. ಕೆಂಪು. ಏಳೋ ಮಾರಾಯ, ಹೊತ್ತಿಲ್ಲ."

ಅವನು ಅವಳ ಮುಖ ನೋಡಿದ, ಮತ್ತೆ ತಮಾಷೆ ಮಾಡಲಿಲ್ಲ. ಹೊರಡುವ ಮೊದಲು ನಾದಿನಿ ಹಲಗೆಯ ಮುಳ್ಳನ್ನು ಕೆಂಪಿಗೆ ತಿರುಗಿಸಿದಳು. ಲಾರಿ ಹತ್ತುವಾಗ ಮೆಟ್ಟಿಲು ಕಾಣದೆ ಮೊಣಕಾಲು ಬಡಿದುಕೊಂಡಳು.

"ನಿನಗೆ ಕಣ್ಣು ಕಾಣಲ್ಲ, ನಾನು ಹೋಗ್ತೀನಿ" ಎಂದೆ.

"ನೀನಿಲ್ಲಿರು. ಎರಡಕ್ಕೆ ವೈರ್‌ಲೆಸ್ ಹಿಡಿ. ಅಷ್ಟು ಹೊತ್ತೂ ಸೈರನ್ ತಿರುಗಿಸ್ತಾ ಇರು."

ಸೈರನ್ ಕೈಯಿಂದ ತಿರುಗಿಸುವುದು. ತಿರುಗಿಸಿದೆ. ರಟ್ಟೆ ಸೋತರೆ ಇನ್ನೊಂದು ಕೈ. ಆ ಸದ್ದು ಮೊದಲ ದಿಣ್ಣೆ ದಾಟಿ ಆಚೆ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಬೇರೆ ಏನು ಮಾಡಲಿ? ಅಂಗಡಿಯವರು ಬಂದು "ಏನಾಯ್ತು, ಎಲ್ಲಿ ಬೆಂಕಿ?" ಎಂದು ಕೇಳಿದರು. ಎಲ್ಲಿಯೂ ಕಾಣುತ್ತಿರಲಿಲ್ಲ. ಮುದುಕಿಗೆ ಬಿಸಿಲು ತಲೆಗೇರಿದೆ ಎಂದು ಒಬ್ಬ ಹೇಳಿದ್ದು ಕೇಳಿಸಿತು. ಗಡಿಯಾರ ಎದುರಿಗೇ ಇತ್ತು. ಒಂದೂವರೆ. ಒಂದು ಮುಕ್ಕಾಲು. ಬಾಯಲ್ಲಿ ಪಸೆ ಇರಲಿಲ್ಲ, ಬಿಂದಿಗೆ ಪಕ್ಕದಲ್ಲೇ ಇದ್ದರೂ ಕುಡಿಯಲು ಕೈ ಬಿಡುವಾಗಲಿಲ್ಲ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಎರಡನೆಯ ದಿಣ್ಣೆಯ ಮೇಲೆ ಹೊಗೆ ಎದ್ದಿತು. ಸೂಜಿಗೆ ಪೋಣಿಸುವ ದಾರದಷ್ಟೇ. ನೆಟ್ಟಗೆ ನಿಂತಿತ್ತು. ಅಂಗಡಿಯವನು ಪಟ್ಟಣಕ್ಕೆ ಫೋನ್ ಮಾಡಲು ಓಡಿದ. ನಾನು ನೋಡುತ್ತಿದ್ದಂತೆಯೇ ಆ ದಾರ ಬಾಗಿತು, ದಿಣ್ಣೆಯ ಮೈಮೇಲೆ ಮಲಗಿತು. ನನ್ನ ಬೆನ್ನಿಗೂ ಗಾಳಿ ತಾಗಿತು.

ಎರಡಕ್ಕೆ ಸರಿಯಾಗಿ ವೈರ್‌ಲೆಸ್ ಮಾತಾಡಿತು.

"ಇಳೀರಿ, ಎಲ್ಲರೂ ಇಳೀರಿ" ಎಂದೆ.

"ಯಾರಮ್ಮ ಅದು?" ಮೇಸ್ತ್ರಿಯ ಧ್ವನಿ. ಹಿಂದೆ ಕೂಗಾಟ. "ಇಳೀತಿದ್ದೀವಿ. ಬೆಂಕಿ ಹತ್ಕೊಂಡಿದೆ. ಕಲ್ಲಿಗೆ ಅಲಗು ತಾಗ್ತು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ..."

"ನಮ್ಮ ಹುಡುಗಿ?"

"ಮೇಲಿನ ಸಾಲಲ್ಲಿ ಮೂರು ಜನ ಹೆಣ್ಮಕ್ಕಳು. ಕೂಗ್ತಿದ್ದೀವಿ ಅಮ್ಮ. ಹೊಗೇಲಿ ದಾರಿ ಕಾಣ್ತಿಲ್ಲ ಅವರಿಗೆ."

ಆಮೇಲೆ ಗೊರಗೊರ.

ಮೇಲೆ ನಡೆದದ್ದನ್ನು ಡ್ರೈವರ್ ನನಗೆ ಹೇಳಿದ್ದು. ಲಾರಿ ಕೊನೆಯ ತಿರುವಿಗೆ ಹೋದಾಗ ಹದಿನೈದು ಜನ ಓಡಿ ಬಂದು ಹತ್ತಿದರಂತೆ. ಮೇಲಿನ ಮೂವರಿಗಾಗಿ ಮೇಸ್ತ್ರಿ ಮತ್ತೆ ನುಗ್ಗಲು ಹೋದ, ಇಬ್ಬರು ಹಿಡಿದುಕೊಂಡರು. ನಾದಿನಿ ಲಾರಿಯಿಂದ ಇಳಿದು ಖಾಲಿ ಡೀಸೆಲ್ ಡ್ರಮ್ಮನ್ನು ಕಲ್ಲಿನ ಮೇಲೆ ನಿಲ್ಲಿಸಿಕೊಂಡು ಸ್ಪ್ಯಾನರಿನಿಂದ ಬಡಿಯತೊಡಗಿದಳು. "ಕಾಣದಿದ್ರೆ ಕೇಳಿಸುತ್ತಲ್ಲ. ನೀವು ಹೋಗಿ, ಇವರನ್ನ ಇಳಿಸಿ ವಾಪಸ್ ಬನ್ನಿ" ಎಂದಳಂತೆ. "ನಿನ್ನ ಬಿಟ್ಟು ಹೇಗೆ ಹೋಗ್ಲಿ ಬಣ್ಣದಮ್ಮ?" ಎಂದರೆ, "ಮಾತಾಡೋಕೆ ಹೊತ್ತಿಲ್ಲ, ಹೋಗೋ!" ಎಂದು ಗದರಿದಳಂತೆ.

ಅವಳು ಒಂದು ಗಂಟೆಗೂ ಹೆಚ್ಚು ಬಡಿದಳು. ಆ ತಿರುವಿನಲ್ಲಿ ಹಿಂದಿನ ತಿಂಗಳೇ ನೆಲ ಬೋಳು ಮಾಡಿದ್ದರಿಂದ ಬೆಂಕಿ ಅವಳ ಎರಡೂ ಬದಿಯಿಂದ ಹಾದುಹೋಯಿತು.

ನಾಲ್ಕೂವರೆಗೆ ಲಾರಿ ಎರಡನೆಯ ಸಲ ಇಳಿದು ಬಂತು. ಹಿಂದೆ ನಾದಿನಿ ಕೂತಿದ್ದಳು. ಅವಳ ಎರಡು ಪಕ್ಕ ಎರಡು ಕಪ್ಪು ಮುಖ. ಒಂದು ನಮ್ಮ ಹುಡುಗಿಯದು. ಅಂಗೈ ಸುಲಿದುಹೋಗಿತ್ತು, ಬೂಟಿನ ಅಟ್ಟೆ ಕರಗಿತ್ತು. ನಾನು ಮೂರನೆಯ ಮುಖ ಹುಡುಕಿದೆ. ಲಾರಿಯ ಒಳಗೆ ಬಗ್ಗಿ ನೋಡಿದೆ.

"ಗುಬ್ಬಿ ನನ್ನ ಹಿಂದೇನೇ ಇದ್ಲು ಅತ್ತೆ" ಎಂದಳು ಹುಡುಗಿ. "ಅಮ್ಮ ಬಡಿಯೋದು ಕೇಳಿಸ್ತು. ಆ ಕಡೆ, ಆ ಕಡೆ ಅಂತ ಅವಳೇ ಹೇಳಿದ್ಲು. ಕಲ್ಲುಗುಡ್ಡೆ ಹತ್ರ ತಿರುಗಿ ನೋಡಿದ್ರೆ ಇಲ್ಲ." ಆಮೇಲೆ ತಾಯಿಯ ಕಡೆ ತಿರುಗಿದಳು. "ಹಳದಿ ಅಂದಿದ್ದೆ ಅಲ್ವಾ ಅಮ್ಮ."

"ಹೌದು. ಅಂದಿದ್ದೆ" ಎಂದಳು ನಾದಿನಿ. ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆದೆ, ಅವಳು ನನ್ನ ಮಣಿಕಟ್ಟು ಹಿಡಿದು ಗಟ್ಟಿಯಾಗಿ ಒತ್ತಿದಳು.

ಗುಬ್ಬಿ ಸಿಕ್ಕಿದ್ದು ಮಾರನೆಯ ದಿನ.

ವಿಚಾರಣೆಗೆ ಬಂದ ಅಧಿಕಾರಿ ಬಟ್ಟೆ ಯಾರು ಕಟ್ಟಿದ್ದು ಎಂದು ಕೇಳಿದ. "ಪೆಟ್ಟಿಗೆ ನನ್ನದು" ಎಂದಳು ನಾದಿನಿ. "ಕಟ್ಟಿದ್ದು ನಾನು, ಅಂಕಿ ಓದಿದ್ದೂ ನಾನು" ಎಂದು ನಾನು ಹೇಳಿದೆ. ಅವನು ನನ್ನ ಕೆಲಸ ಏನೆಂದು ಕೇಳಿ, ಹೊಲಿಗೆ ಎಂದಾಗ ಬರೆಯುವುದನ್ನು ನಿಲ್ಲಿಸಿದ. ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲವಲ್ಲ. ಕೆಲಸದಿಂದ ತೆಗೆದದ್ದು ಅವಳನ್ನು. ನಮ್ಮ ಹುಡುಗಿಗೆ ಬೆಂಕಿ ಬಿದ್ದ ರಾತ್ರಿಯೇ ನಾನು ಎಲ್ಲ ಹೇಳಿದ್ದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಎಂಟು ದಿನ ತಾಯಿಯ ಜೊತೆಗೂ ನನ್ನ ಜೊತೆಗೂ ಮಾತಿಲ್ಲ. ಅವಳ ಕೈಗೆ ಬಟ್ಟೆ ಸುತ್ತಿತ್ತು, ಊಟ ನಾನೇ ತಿನ್ನಿಸಬೇಕಿತ್ತು. ಬಾಯಿ ತೆರೆಯುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಒಂಬತ್ತನೆಯ ದಿನ ನಾದಿನಿ ಗುಬ್ಬಿಯ ತಾಯಿಯ ಮನೆಗೆ ಹೊರಟಳು. ದಾರಿ ಸರಿಯಾಗಿ ಕಾಣುವುದಿಲ್ಲ, ನನ್ನ ತೋಳು ಹಿಡಿದಿದ್ದಳು. ಎರಡು ಸಲ ನಾನು ನಿಂತೆ. ಎರಡು ಸಲವೂ ಅವಳು ಎಳೆದುಕೊಂಡು ಹೋದಳು.

ಆ ತಾಯಿ ಹಿತ್ತಲಲ್ಲಿ ಆಸ್ಪತ್ರೆಯ ಹೊದಿಕೆ ಮಡಿಸುತ್ತಿದ್ದಳು. ಕೂರಲು ಹೇಳಲಿಲ್ಲ. ನಿಂತೇ ಹೇಳಿದೆವು. ಮೊದಲು ನಾದಿನಿ, ಆಮೇಲೆ ನಾನು. "ಹೊಸ ಬಟ್ಟೆ, ಕುದಿಸಿರಲಿಲ್ಲ" ಎಂದಾಗ ಅವಳ ಕೈ ನಿಂತಿತು.

"ಗಂಜಿ" ಎಂದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾವು ಬೈಗುಳಕ್ಕೆ ಕಾದೆವು. ಹೊಡೆದರೂ ಸರಿ ಎಂದುಕೊಂಡಿದ್ದೆ. ಅವಳು ಕೇಳಿದಳು, "ಹಾಗಾದ್ರೆ ಅವಳು ಹತ್ತಿದಾಗ ಹಲಗೆ ಕೆಂಪಿರಲಿಲ್ಲ?"

"ಇಲ್ಲ. ಹಳದಿ."

"ಊರಲ್ಲಿ ಏನಂತಾರೆ ಗೊತ್ತಾ? ಕೆಂಪಿದ್ರೂ ಹುಡುಗೀರು ಹಟ ಮಾಡಿ ಹೋದ್ರು, ಗುಬ್ಬಿ ಮಷೀನಿಂದಾನೇ ಕಿಡಿ ಹಾರ್ತು, ಗುಡ್ಡಾನೇ ಸುಟ್ಟಳು ಅಂತಾರೆ. ನಲ್ಲಿ ಹತ್ರ ನನ್ನೆದುರಿಗೇ ಅಂತಾರೆ."

ನಮಗೆ ಅದು ಗೊತ್ತಿರಲಿಲ್ಲ. ನಾದಿನಿ ಮಧ್ಯಾಹ್ನ ತಾನೇ ಕೆಂಪಿಗೆ ತಿರುಗಿಸಿ ಹೋಗಿದ್ದಳಲ್ಲ. ಸೈರನ್ ಕೇಳಿ ಬಂದವರೆಲ್ಲ ನೋಡಿದ್ದು ಕೆಂಪನ್ನೇ, ಹಳದಿ ಇತ್ತೆಂಬ ಗುಂಪಿನವರ ಮಾತನ್ನು ಊರು ನಂಬಿರಲಿಲ್ಲ.

"ಕಿಡಿ ಯಾರದ್ದಾದರೂ ಇರಲಿ ತಾಯಿ. ನಾನು ಹೋಗಿ ಅಂದಿದ್ದಕ್ಕೆ ಅವಳು ಹೋದ್ಲು. ಅವಳ ತಪ್ಪು ಒಂದು ಚೂರೂ ಇಲ್ಲ" ಎಂದಳು ನಾದಿನಿ.

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳುತ್ತೆ? ಬರೆದು ಕೊಡ್ತೀರಾ?"

"ನನಗೆ ಕಣ್ಣಿಲ್ಲ" ಎಂದಳು ನಾದಿನಿ. ಇಬ್ಬರೂ ನನ್ನ ಕಡೆ ತಿರುಗಿದರು.

"ನನಗೆ ಅಕ್ಷರ ಅಷ್ಟಾಗಿ ಬರಲ್ಲ" ಎಂದೆ.

"ಬರೋಷ್ಟು ಬರೀರಿ" ಎಂದಳು ಗುಬ್ಬಿಯ ತಾಯಿ. ಇನ್ನೊಂದು ಹೊದಿಕೆ ಎತ್ತಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಅದು ಒಬ್ಬರೇ ಮಡಿಸಲಾರದಷ್ಟು ಅಗಲ. ನಾನು ಹಿಡಿದೆ.

ಬರೆಯಲು ನಲವತ್ತು ದಿನ ಹಿಡಿಯಿತು. ಒತ್ತಕ್ಷರ ತಪ್ಪಿದ ಕಡೆ ನಮ್ಮ ಹುಡುಗಿ ತಿದ್ದಿದ್ದಾಳೆ. ಕೈ ಇನ್ನೂ ಪೂರ್ತಿ ಮಡಚುವುದಿಲ್ಲ, ಬೆರಳ ತುದಿಯಲ್ಲಿ ಪೆನ್ಸಿಲ್ ಹಿಡಿದು ತಿದ್ದಿದಳು. ನನ್ನ ನಾದಿನಿ ಆ ದಿನ ಬೆಳಗ್ಗೆ ಹತ್ತಕ್ಕೆ ಹಲಗೆಯನ್ನು ಹಳದಿಗೆ ಇಟ್ಟದ್ದು ನಾನು ಓದಿದ ಅಂಕಿಯಿಂದ, ಆ ಅಂಕಿ ತಪ್ಪಿದ್ದು ನಾನು ತೊಡಿಸಿದ ಬಟ್ಟೆಯಿಂದ. ಗುಬ್ಬಿ ಹಲಗೆ ನೋಡಿಯೇ ಲಾರಿ ಹತ್ತಿದಳು. ಇದನ್ನು ಯಾರಾದರೂ ನಲ್ಲಿಯ ಹತ್ತಿರ ಓದಿ ಹೇಳಬೇಕು.